ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡುತ್ತಿದ್ದ ಹುಡುಗ ಏರ್‌ಫೋರ್ಸ್ ಪೈಲಟ್ ಆಗಬಹುದೇ?

ನಾಪೋಕ್ಲು ಕಡೆಯ ತಾಯಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಚುಟುಕಾಗಿ ಅದರಲ್ಲಿರುವುದು ಇಷ್ಟು:

“ಮಗನಿಗೆ 23 ವರ್ಷ. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ. ಆ ನಾಲ್ಕು ವರ್ಷವೂ ಸಂಪಾಜೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟೇ ಬೇಕಿತ್ತು, ವಾಂತಿ ಮಾಡಲು. ಆಮೇಲೆ ಏರ್‌ಫೋರ್ಸ್ ಅಧಿಕಾರಿ ಹುದ್ದೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆದು, ಮೈಸೂರಿನ ಸೆಲೆಕ್ಷನ್ ಬೋರ್ಡ್‌ನಲ್ಲಿ ಪಾಸಾಗಿ, ಏರ್‌ಫೋರ್ಸ್‌ಗೆ ಫ್ಲೈಟ್ ಕೆಡೆಟ್ ಆಗಿ ಸೇರಿದ. ಈಗ ವಿಮಾನ ಹಾರಿಸುವ ಪಾಠ ಶುರುವಾಗಿದೆ. ಹತ್ತು ಸಲ ಹಾರಿದ್ದಾನೆ, ಆರು ಸಲ ವಾಂತಿ. ಈಗ ಬೆಳಗ್ಗೆ ತಿಂಡಿಯನ್ನೇ ತಿನ್ನುತ್ತಿಲ್ಲವಂತೆ. ಜೊತೆಯ ಇಬ್ಬರು ಆಗಲೇ ಒಬ್ಬರೇ ವಿಮಾನ ಹಾರಿಸಿದ್ದಾರೆ. ‘ನನ್ನನ್ನು ತೆಗೆದುಹಾಕ್ತಾರೆ ಅಮ್ಮ’ ಅಂತ ಭಾನುವಾರ ಫೋನಿನಲ್ಲಿ ಅತ್ತ. ನಾನು ತಡೆಯಲಾರದೆ, ಬಸ್ಸಿಗೆ ಕೊಡುತ್ತಿದ್ದ ವಾಂತಿ ಮಾತ್ರೆಯ ಎರಡು ಪಟ್ಟಿಯನ್ನು ಹಲಸಿನ ಚಿಪ್ಸ್ ಜೊತೆ ಕೊರಿಯರ್ ಮಾಡಿದೆ. ನನ್ನ ಅಣ್ಣ ಸೇನೆಯಲ್ಲಿ ಇದ್ದವರು. ‘ದೇವಯ್ಯನವರ ನಾಡಿನವನು ವಿಮಾನದಲ್ಲಿ ವಾಂತಿ ಮಾಡೋದಾ? ಇವನಿಗೆ ಆಗಲ್ಲ, ಕರೆಸಿಕೊಂಡು ಸಿವಿಲ್ ಪೈಲಟ್ ಮಾಡಿಸು’ ಅನ್ನುತ್ತಾರೆ. ಏನು ಮಾಡಲಿ? ಇನ್ನೊಂದು, ಹತ್ತನೇ ಕ್ಲಾಸಿನ ಮಗಳಿಗೂ ಪೈಲಟ್ ಆಗುವ ಹುಚ್ಚು ಹಿಡಿದಿದೆ. ಬಸ್ಸಿನಲ್ಲಿ ಅವಳೂ ಅಣ್ಣನ ಹಾಗೇ.”

ಉತ್ತರ

ಬೇರೆಲ್ಲ ಆಮೇಲೆ. ಮೊದಲು ಆ ಕೊರಿಯರ್ ವಿಷಯ. ಮಗ ಫೋನಿಗೆ ಸಿಕ್ಕ ಕೂಡಲೇ ಹೇಳಿ: ಆ ಮಾತ್ರೆ ನುಂಗಬೇಡ. ತಲುಪಿದ್ದರೆ ತೆಗೆದುಕೊಂಡು ಹೋಗಿ ಅಲ್ಲಿನ ಏರ್‌ಫೋರ್ಸ್ ಡಾಕ್ಟರ್ ಮೇಜಿನ ಮೇಲೆ ಇಡು, ‘ಅಮ್ಮ ಕಳಿಸಿದ್ದು’ ಅನ್ನು.

ನಿಮ್ಮನ್ನು ಬೈಯುತ್ತಿಲ್ಲ. ಬಸ್ಸಿಗೆ ಆ ಮಾತ್ರೆ ಸರಿಯೇ. ಅವೊಮಿನ್ ಥರದ ವಾಂತಿ ಮಾತ್ರೆಗಳು ಹೆಚ್ಚಿನವು ಅಲರ್ಜಿ ಮಾತ್ರೆಗಳ ಜಾತಿಯವು. ವಾಂತಿ ನಿಲ್ಲಿಸುತ್ತವೆ, ಜೊತೆಗೆ ತೂಕಡಿಕೆಯನ್ನೂ ತರುತ್ತವೆ. ಬಸ್ಸಿನಲ್ಲಿ ತೂಕಡಿಸಿದರೆ ಸುಳ್ಯದಲ್ಲಿ ಇಳಿಯುವ ಬದಲು ಪುತ್ತೂರಿನಲ್ಲಿ ಇಳಿಯಬೇಕಾದೀತು, ಅಷ್ಟೇ. ವಿಮಾನದಲ್ಲಿ ಅದು ಬೇರೆ ಮಾತು. ರನ್‌ವೇ ಎದುರಿಗೆ ಬರುವಾಗ ಕೈ ಅರ್ಧ ಸೆಕೆಂಡ್ ತಡವಾದರೂ ಗೊತ್ತಾಗುತ್ತದೆ. ಅದಕ್ಕೇ ಡಾಕ್ಟರಿಗೆ ಹೇಳದೆ ಯಾವ ಮಾತ್ರೆಯನ್ನೂ, ನೆಗಡಿಯದ್ದನ್ನು ಕೂಡ, ನುಂಗಿ ಹಾರುವಂತಿಲ್ಲ. ವಾಂತಿ ಮಾಡಿದ್ದಕ್ಕೆ ಯಾರೂ ತಪ್ಪು ಹಿಡಿಯುವುದಿಲ್ಲ. ಕದ್ದು ಮಾತ್ರೆ ನುಂಗಿ ಸಿಕ್ಕಿಬಿದ್ದರೆ ಹಿಡಿಯುತ್ತಾರೆ.

ಇನ್ನು ನಿಧಾನವಾಗಿ ಮಾತಾಡೋಣ.

ನಾನು ಏರ್‌ಫೋರ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದವನು. ತಾಂಬರಂನ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್‌ನಲ್ಲಿ ಕಲಿಸುವುದನ್ನು ಕಲಿತು, ಆಮೇಲಿನ ಸರ್ವಿಸ್‌ನಲ್ಲಿ ಜಾಸ್ತಿ ಭಾಗ ಹುಡುಗರ ಜೊತೆಯೇ ಕಳೆದೆ. ಈಗ ಸುಂಟಿಕೊಪ್ಪದ ಹತ್ತಿರ ಕಾಫಿ ನೋಡಿಕೊಂಡಿದ್ದೇನೆ. ನನ್ನ ಮೂರನೇ ಸಾರ್ಟಿಯ ಕತೆ ಕೇಳಿ. ಸಾರ್ಟಿ ಅಂದರೆ ಒಂದು ಸಲ ಹಾರಿ ಇಳಿಯುವುದು. ನಮ್ಮ ಕಾಲದಲ್ಲಿ ಎಚ್‌ಎಎಲ್‌ನ ಎಚ್‌ಪಿಟಿ-32 ವಿಮಾನ. ಗುರು, ಶಿಷ್ಯ ಪಕ್ಕಪಕ್ಕ ಕೂರುವುದು. ವಾಂತಿಗೆ ಕವರ್ ತರುವುದು ಮರೆತಿದ್ದೆ. ಎರಡನೇ ಕಡಿದಾದ ತಿರುವಿನಲ್ಲಿ ಬಾಯಲ್ಲಿ ನೀರು ಬಂತು. ಬೇರೆ ದಾರಿ ಕಾಣದೆ ಎಡಗೈಯ ಗ್ಲೌಸ್ ಬಿಚ್ಚಿ ಅದರೊಳಗೇ ವಾಂತಿ ಮಾಡಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿ, “ಹಗುರ ಆಯ್ತಲ್ಲ, ಈಗ ಕಂಟ್ರೋಲ್ ತಗೋ” ಅಂದರು. ಇಳಿದ ಮೇಲೆ ಬಕೆಟ್, ಬಟ್ಟೆ ಕೊಟ್ಟರು. ಕಾಕ್‌ಪಿಟ್ ಒರೆಸಿದವನು ನಾನೇ.

ಪಕ್ಕಪಕ್ಕ ಕೂರುತ್ತಿದ್ದೆವು ಅಂದೆನಲ್ಲ, ಅದನ್ನು ಸುಮ್ನೆ ಹೇಳಲಿಲ್ಲ. ಎಚ್‌ಪಿಟಿ-32ಗಳನ್ನು 2009ರಲ್ಲಿ ನೆಲಕ್ಕಿಳಿಸಿದರು. 2013ರಿಂದ ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-7 ಮಾರ್ಕ್ 2 ಬಂತು. ಒಳ್ಳೆಯ ವಿಮಾನ, ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಕೂಡ ಇದೆ. ಆದರೆ ಅದರಲ್ಲಿ ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಮುಂದೆ ಶಿಷ್ಯ, ಹಿಂದೆ ಗುರು. ನಿಮ್ಮ ಮಗನ ಮುಖ ಬಿಳಿಚಿದ್ದು, ಹಣೆ ಬೆವರಿದ್ದು ಗುರುವಿಗೆ ಕಾಣುವುದೇ ಇಲ್ಲ. ಕಾಣುವುದು ಹೆಲ್ಮೆಟ್‌ನ ಹಿಂಭಾಗ, ಕೇಳುವುದು ಇಂಟರ್‌ಕಾಮ್‌ನಲ್ಲಿ ಬರುವ ದನಿ. ಹುಡುಗ ಬಾಯಿ ಬಿಡದಿದ್ದರೆ ಅವರಿಗೆ ತಿಳಿಯುವುದು ತಡವಾಗಿ, ವಿಮಾನ ಎತ್ತರ ಕಳೆದುಕೊಂಡಾಗ ಅಥವಾ ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದಾಗ. ‘ಹೊಟ್ಟೆ ತೊಳಸಿತೋ, ಅದೇ ಕ್ಷಣ ಹೇಳು’ ಅಂತ ನಾನು ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುತ್ತಿದ್ದೆ. ಆದರೂ ಅರ್ಧ ಜನ ಹೇಳುತ್ತಿರಲಿಲ್ಲ. ಒಬ್ಬನಂತೂ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಮಾಸ್ಕಿನೊಳಗೇ ಹಲ್ಲು ಕಚ್ಚಿ ಕೂತಿದ್ದ. ‘ಎತ್ತರ ಎಷ್ಟು’ ಅಂದರೆ ಉತ್ತರ ಮೂರು ಸೆಕೆಂಡ್ ತಡ. ಇಳಿದ ಮೇಲೆ, ‘ಹೇಳಿದರೆ ಬರೆದುಕೊಳ್ಳುತ್ತೀರಿ ಅಂತ ಹೇಳಲಿಲ್ಲ ಸಾರ್’ ಅಂದ. ನಾನು ಬರೆದುಕೊಂಡಿದ್ದು ವಾಂತಿಯನ್ನಲ್ಲ, ಅವನು ಮುಚ್ಚಿಟ್ಟಿದ್ದನ್ನು.

ಈಗ ನಿಮ್ಮ ಅಣ್ಣನವರ ಮಾತಿಗೆ ಬರೋಣ. ಹಳ್ಳಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ ಇದೇ ಮಾತು ನನಗೂ ಸಿಗುತ್ತದೆ. ವಾಂತಿ ಅಂದರೆ ಪುಕ್ಕಲುತನ, ವಾಂತಿ ಅಂದರೆ ಮೈಯಲ್ಲಿ ಕಸುವಿಲ್ಲ.

ಹಾಗಲ್ಲ. ನಮ್ಮ ಒಳಕಿವಿಯಲ್ಲಿ ಅರ್ಧ ಬಳೆಯಾಕಾರದ ಮೂರು ಪುಟ್ಟ ಕೊಳವೆಗಳಿವೆ, ಅದರಲ್ಲಿ ನೀರಿನಂಥ ದ್ರವ. ತಲೆ ತಿರುಗಿದಾಗ ಆ ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ತುಂಬಿದ ಬಿಂದಿಗೆಯನ್ನು ಗಕ್ಕನೆ ತಿರುಗಿಸಿದರೆ ಒಳಗಿನ ನೀರು ತಿರುಗದೆ ನಿಲ್ಲುತ್ತದಲ್ಲ, ಹಾಗೆ. ಅದರಿಂದ ಮೆದುಳಿಗೆ ‘ತಿರುಗುತ್ತಿದ್ದೀವಿ’ ಎಂಬ ಸುದ್ದಿ ಹೋಗುತ್ತದೆ. ಒಂದೇ ಸಮ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆ ಹಿಡಿಯುತ್ತದೆ, ಕಿವಿ ‘ನಿಂತೆವು’ ಅನ್ನುತ್ತದೆ. ನಿಜಕ್ಕೂ ನಿಂತಾಗ ‘ಉಲ್ಟಾ ತಿರುಗುತ್ತಿದ್ದೀವಿ’ ಅನ್ನುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು, ಸೀಟಿಗೆ ಒತ್ತಿದ ಬೆನ್ನು ಮತ್ತೊಂದು. ಈ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ಮೊದಲು ಆಕಳಿಕೆ, ತಣ್ಣನೆ ಬೆವರು, ಬಾಯಲ್ಲಿ ನೀರು. ಆಮೇಲೆ ವಾಂತಿ.

ಒಳಕಿವಿ ಕೆಲಸವನ್ನೇ ಮಾಡದವರಿಗೆ ಈ ಪ್ರಯಾಣದ ವಾಂತಿ ಬರುವುದೇ ಇಲ್ಲ, ಗೊತ್ತಾ? ಅಂದರೆ ನಿಮ್ಮ ಮಗನ ಕಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಸ್ವಲ್ಪ ಜಾಸ್ತಿ ಚೆನ್ನಾಗಿ. 1961ರ ಆಗಸ್ಟ್‌ನಲ್ಲಿ ಬಾಹ್ಯಾಕಾಶಕ್ಕೆ ಹೋದ ಸೋವಿಯತ್ ಪೈಲಟ್ ಗೆರ್ಮನ್ ಟಿಟೋವ್ ಅಲ್ಲಿ ವಾಂತಿ ಮಾಡಿದ ಮೊದಲ ಮನುಷ್ಯ. ಆಗ ಅವರ ವಯಸ್ಸು 25. ಇಡೀ ದೇಶದಿಂದ ಆರಿಸಿ, ಅರೆದು, ಸೋಸಿ ಕಳಿಸಿದ ಫೈಟರ್ ಪೈಲಟ್ ಅವರು. ಕಸುವಿಲ್ಲದವರು ಅನ್ನಲಾದೀತಾ?

ಇನ್ನು ಅಜ್ಜಮಾಡ ದೇವಯ್ಯನವರು. ಅವರ ಹೆಸರು ಎತ್ತಿದ್ದಕ್ಕೆ ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತನ್ನದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಜೊತೆ ಹೋರಾಡಿ ಅದನ್ನು ಕೆಡವಿ ಹಿಂತಿರುಗದವರು ಅವರು. ಮಹಾವೀರ ಚಕ್ರ ಬಂದಿದ್ದು 23 ವರ್ಷ ಕಳೆದ ಮೇಲೆ, 1988ರಲ್ಲಿ. ಇಷ್ಟು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಯುದ್ಧ ಶುರುವಾಗುವ ಹೊತ್ತಿಗೆ ಅವರು ಮಾಡುತ್ತಿದ್ದ ಕೆಲಸ ಯಾವುದು? ಫ್ಲೈಯಿಂಗ್ ಕಾಲೇಜಿನಲ್ಲಿ ಹುಡುಗರಿಗೆ ಹಾರುವುದನ್ನು ಕಲಿಸುತ್ತಿದ್ದರು. ಹೊಸ ಹುಡುಗರ ಹೊಟ್ಟೆಯ ಪಾಡು ಇನ್‌ಸ್ಟ್ರಕ್ಟರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಅವರು ಇದ್ದಿದ್ದರೆ ನಿಮ್ಮ ಮಗನನ್ನು ನೋಡಿ ನಗುತ್ತಿದ್ದರೇನೋ, ಆದರೆ ಮನೆಗೆ ಕಳಿಸುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಹಾಗಾದರೆ ‘ಘಾಟಿಯಲ್ಲಿ ವಾಂತಿ ಮಾಡುವವನಿಗೆ ವಿಮಾನದಲ್ಲೂ ಆಗುತ್ತದೆ’ ಎಂಬುದು ಸುಳ್ಳಾ? ಅರ್ಧ ನಿಜ. ಬಸ್ಸಿನಲ್ಲಿ ಆಗುವವರಿಗೆ ಮೊದಮೊದಲು ವಿಮಾನದಲ್ಲೂ ಆಗುವ ಸಂಭವ ಜಾಸ್ತಿ. ಆದರೆ ಒಂದು ನೆನಪು ಮಾಡಿಕೊಳ್ಳಿ. ಮನೆಯ ಜೀಪನ್ನು ಅದೇ ಘಾಟಿಯಲ್ಲಿ ಅವನೇ ಓಡಿಸಿದಾಗ ವಾಂತಿ ಆಗಿತ್ತಾ? ಆಗಿರಲಾರದು. ಸ್ಟೇರಿಂಗ್ ಹಿಡಿದವನ ಮೆದುಳಿಗೆ ಮುಂದಿನ ತಿರುವು ಮೊದಲೇ ಗೊತ್ತು. ಹಿಂದಿನ ಸೀಟಿನವನಿಗೆ ಗೊತ್ತಿಲ್ಲ. ಮೊದಲ ಹತ್ತು ಸಾರ್ಟಿಯಲ್ಲಿ ನಿಮ್ಮ ಮಗ ಪೈಲಟ್ ಸೀಟಿನಲ್ಲಿ ಕೂತಿದ್ದರೂ ನಿಜಕ್ಕೆ ಬಸ್ ಪ್ರಯಾಣಿಕನೇ. ತೋರಿಸುವುದು ಹಿಂದಿನ ಸೀಟಿನವರು, ನೋಡುವುದು ಇವನು. ಹಾರಿಸುವ ಪಾಲು ಅವನಿಗೆ ಜಾಸ್ತಿ ಬಂದಂತೆಲ್ಲ ಹೊಟ್ಟೆ ತಾನಾಗಿ ಸುಮ್ಮನಾಗುತ್ತದೆ. ನಾನು ನೋಡಿದ ಹೆಚ್ಚಿನ ಹುಡುಗರಿಗೆ ಹೀಗೇ ಹೋಗಿದೆ. ಯಾವ ದಿನ ನಿಂತಿತು ಅಂತ ಅವರಿಗೇ ನೆನಪಿರುವುದಿಲ್ಲ.

ಅಂದ ಹಾಗೆ, ಮೈಸೂರಿನಲ್ಲಿ ಅವನು ಪಾಸು ಮಾಡಿದ ಕಂಪ್ಯೂಟರ್ ಪರೀಕ್ಷೆ, ಸಿಪಿಎಸ್ಎಸ್, ನೋಡುವುದು ಕೈ, ಕಾಲು, ಕಣ್ಣಿನ ಹೊಂದಾಣಿಕೆಯನ್ನು. ಹೊಟ್ಟೆಯನ್ನಲ್ಲ. ಹಾಗಾಗಿ ‘ಸೆಲೆಕ್ಷನ್‌ನಲ್ಲೇ ತಪ್ಪಾಗಿದೆ’ ಎಂದು ಯೋಚಿಸಬೇಕಾಗಿಲ್ಲ.

ನನಗೆ ವಾಂತಿಗಿಂತ ಜಾಸ್ತಿ ಚಿಂತೆ ತಂದದ್ದು ಪತ್ರದ ಇನ್ನೊಂದು ಸಾಲು. ತಿಂಡಿ ತಿನ್ನುತ್ತಿಲ್ಲ ಎಂಬುದು. ಖಾಲಿ ಹೊಟ್ಟೆಯಲ್ಲಿ ವಾಂತಿ ಆಗುವುದಿಲ್ಲ ಎಂದು ಎಲ್ಲ ಹುಡುಗರೂ ಒಮ್ಮೆ ಈ ಪ್ರಯೋಗ ಮಾಡುತ್ತಾರೆ. ಆಗುತ್ತದೆ, ಹಳದಿ ಪಿತ್ತ ಬರುತ್ತದೆ. ಅದು ಇನ್ನೂ ಹಿಂಸೆ.

ಅವನ ಒಂದು ದಿನ ಹೇಗಿರುತ್ತದೆ ಅಂತ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಬೆಳಗ್ಗೆ ಕತ್ತಲಿರುವಾಗಲೇ ಎದ್ದಿರುತ್ತಾನೆ. ಶೇವ್, ಹಾಸಿಗೆ ಮಡಿಕೆ, ಶೂ ಪಾಲಿಶ್, ಎಲ್ಲದಕ್ಕೂ ತಪಾಸಣೆ. ದಿನದ ಅರ್ಧ ಆಕಾಶದಲ್ಲಿ, ಅರ್ಧ ಕ್ಲಾಸಿನಲ್ಲಿ. ಕ್ಲಾಸ್ ಅಂದರೆ ವಿಮಾನ ಏಕೆ ಹಾರುತ್ತದೆ, ಎಂಜಿನ್, ಹವಾಮಾನ, ದಿಕ್ಕು ಹುಡುಕುವುದು. ಹಾರುವ ಪಾಳಿ ಬೆಳಗ್ಗೆ ಇದ್ದರೆ ಸೂರ್ಯ ಹುಟ್ಟುವ ಮೊದಲೇ ಎಲ್ಲರೂ ಬ್ರೀಫಿಂಗ್ ಹಾಲ್‌ನಲ್ಲಿ. ಗಾಳಿ ಎಷ್ಟು, ಮೋಡ ಎಲ್ಲಿ, ಯಾವ ರನ್‌ವೇ. ಆಮೇಲೆ ಯಾರನ್ನಾದರೂ ಎಬ್ಬಿಸಿ ‘ಎಂಜಿನ್ ನಿಂತರೆ ಏನು ಮಾಡ್ತೀಯ’ ಅನ್ನುತ್ತಾರೆ. ಆ ಕ್ರಮ ಒಂದು ಪದ ತಪ್ಪದೆ ಬಾಯಿಗೆ ಬರಬೇಕು. ಯೋಚಿಸಿ ಹೇಳಿದರೂ ಸಾಲದು, ಮಗ್ಗಿ ಒಪ್ಪಿಸಿದಂತೆ ಬರಬೇಕು. ತಡವರಿಸಿದರೆ ಅವತ್ತಿನ ಹಾರಾಟವೇ ರದ್ದಾಗಬಹುದು.

ಆಮೇಲೆ ಅವನ ಗುರು ಪ್ರತ್ಯೇಕವಾಗಿ ಕೂರಿಸಿಕೊಂಡು ಇವತ್ತಿನ ಪಾಠ ಹೇಳುತ್ತಾರೆ. ಪ್ಯಾರಾಚೂಟ್ ಬೆಲ್ಟು, ಹೆಲ್ಮೆಟ್, ವಿಮಾನದ ಸುತ್ತ ಒಂದು ಸುತ್ತು, ಚೆಕ್‌ಗಳು. ಮುಕ್ಕಾಲು ಗಂಟೆ, ಒಂದು ಗಂಟೆ ಆಕಾಶದಲ್ಲಿ. ಆ ಹೊತ್ತಿನಲ್ಲಿ ಎತ್ತರ, ವೇಗ, ದಿಕ್ಕು, ಎಂಜಿನ್, ರೇಡಿಯೋದಲ್ಲಿ ಮಾತು, ಹೊರಗೆ ಬೇರೆ ವಿಮಾನ ಇದೆಯಾ ಎಂಬ ಕಣ್ಣು, ಎಲ್ಲ ಒಟ್ಟಿಗೆ. ಸೈಕಲ್ ಕಲಿಯುವಾಗ ಯಾರೋ ಪಕ್ಕದಲ್ಲಿ ಓಡುತ್ತಾ ಲೆಕ್ಕ ಕೇಳಿದ ಹಾಗೆ. ಇಳಿದು ಬಂದ ಮೇಲೆ ಪ್ರತಿ ತಪ್ಪಿನ ಲೆಕ್ಕ. ನಂತರ ಕ್ಲಾಸ್, ಸಂಜೆ ಆಟ. ರಾತ್ರಿ ರೂಮಿನಲ್ಲಿ ಕುರ್ಚಿ ಮೇಲೆ ಕೂತು ನಾಳೆಯ ಹಾರಾಟವನ್ನು ಕಣ್ಣು ಮುಚ್ಚಿ ಹಾರುವುದು. ಇದಕ್ಕೆ ನಾವು ಚೇರ್ ಫ್ಲೈಯಿಂಗ್ ಅನ್ನುತ್ತೇವೆ. ಗೋಡೆಗೆ ಕಾಕ್‌ಪಿಟ್‌ನ ಪೋಸ್ಟರ್, ಎರಡು ಮಂಡಿಯ ಮಧ್ಯೆ ಕಂಟ್ರೋಲ್ ಸ್ಟಿಕ್ ಬದಲು ಒಂದು ಸ್ಕೇಲು. ಹೊರಗಿನವರು ನೋಡಿದರೆ ಹುಚ್ಚು ಹಿಡಿದಿದೆ ಅನ್ನಬೇಕು.

ಈ ದಿನಚರಿಯಲ್ಲಿ ಕಳ್ಳತನವಾಗುವುದು ನಿದ್ದೆ. ಭಯದಲ್ಲಿರುವ ಹುಡುಗ ಹನ್ನೆರಡರವರೆಗೂ ಚೇರ್ ಫ್ಲೈಯಿಂಗ್ ಮಾಡುತ್ತಾನೆ, ನಾಲ್ಕು ಗಂಟೆ ಮಲಗಿ, ಖಾಲಿ ಹೊಟ್ಟೆಯಲ್ಲಿ ಹಾರುತ್ತಾನೆ, ವಾಂತಿ ಮಾಡುತ್ತಾನೆ. ವಾಂತಿಯಿಂದ ಪಾಠ ತಲೆಗೆ ಹತ್ತುವುದಿಲ್ಲ, ಆ ರಾತ್ರಿ ಒಂದು ಗಂಟೆವರೆಗೆ ಕೂರುತ್ತಾನೆ. ನಿದ್ದೆಗೆಟ್ಟರೆ ವಾಂತಿ ಜಾಸ್ತಿ, ಹೆದರಿಕೆಯಿದ್ದರೂ ಜಾಸ್ತಿ. ನಿಮ್ಮ ಮಗ ಈ ಗಾಣಕ್ಕೆ ಸಿಕ್ಕಿದ್ದಾನೆ ಅಂತ ನನಗೆ ಅನುಮಾನ. ಇದನ್ನು ತುಂಡರಿಸಬೇಕಾದ್ದು ತಟ್ಟೆ ಮತ್ತು ದಿಂಬಿನ ಹತ್ತಿರ.

ಅವನಿಗೆ ಹೇಳಬೇಕಾದ್ದನ್ನು ಹೇಳುತ್ತೇನೆ, ನಿಮ್ಮ ಬಾಯಲ್ಲಿ ಹೇಳಿ. ಹಾರುವ ಒಂದೆರಡು ಗಂಟೆ ಮೊದಲು ಎರಡು ಇಡ್ಲಿಯೋ ಬ್ರೆಡ್ಡೋ ಬಾಳೆಹಣ್ಣೋ ತಿನ್ನಲಿ. ಪೂರಿ, ಎಣ್ಣೆ ಆಮ್ಲೆಟ್, ಹಾಲು ತುಂಬಿದ ಕಾಫಿ ಅವತ್ತಿಗೆ ಬೇಡ. ನೀರು ಕುಡಿಯಲಿ. ಕವರ್ ಓವರಾಲ್‌ನ ಕಾಲಿನ ಜೇಬಿನಲ್ಲೇ ಇರಲಿ, ಅದೂ ಎರಡು. ವಿಚಿತ್ರ ಅನ್ನಿಸಬಹುದು, ಕವರ್ ಕೈಗೆ ಸಿಗುವ ಹಾಗಿದೆ ಎಂಬ ಧೈರ್ಯಕ್ಕೇ ಎಷ್ಟೋ ಜನರ ವಾಂತಿ ನಿಂತಿದೆ. ಹೊಟ್ಟೆ ತೊಳಸಲು ಶುರುವಾದಾಗ ತಲೆಯನ್ನು ಅತ್ತಿತ್ತ ಆಡಿಸದೆ ಹೆಡ್‌ರೆಸ್ಟ್‌ಗೆ ಒತ್ತಿ, ದೂರದ ದಿಗಂತ ನೋಡಲಿ. ಕಾಕ್‌ಪಿಟ್ ಒಳಗೆ ಬಗ್ಗಿ ನೋಡುವುದೇ ದೊಡ್ಡ ಶತ್ರು. ಗಾಳಿಯ ಕಿಂಡಿಯನ್ನು ಮುಖಕ್ಕೆ ತಿರುಗಿಸಿಕೊಂಡು ಹೊಟ್ಟೆಯಿಂದ ನಿಧಾನ ಉಸಿರಾಡಲಿ. ಎಲ್ಲಕ್ಕಿಂತ ಮೊದಲು ಹಿಂದಿನ ಸೀಟಿಗೆ ಹೇಳಲಿ, ‘ಸಾರ್, ಹೊಟ್ಟೆ ಸರಿಯಿಲ್ಲ, ಸ್ವಲ್ಪ ಹೊತ್ತು ನೇರ ಹಾರಿಸಲಾ’ ಅಂತ. ಒಳ್ಳೆಯ ಇನ್‌ಸ್ಟ್ರಕ್ಟರ್ ವಿಮಾನವನ್ನು ಅವನ ಕೈಗೇ ಕೊಟ್ಟು ನೇರ ಹಾರಲು ಬಿಡುತ್ತಾರೆ. ಜೀಪಿನ ಸ್ಟೇರಿಂಗ್ ಕೊಟ್ಟ ಹಾಗೆ.

ಶುಂಠಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಶುಂಠಿ ಬೆಳೆಯುವ ಊರಿನವರು ನಾವು. ಕೆಲವರಿಗೆ ಸ್ವಲ್ಪ ಅನುಕೂಲ ಆಗುತ್ತದೆ, ಕೆಲವರಿಗೆ ಏನೂ ಇಲ್ಲ. ಮಾತ್ರೆಯಂತೆ ತೂಕಡಿಕೆ ತರುವುದಿಲ್ಲ. ಅದನ್ನೂ ಡಾಕ್ಟರಿಗೆ ಒಂದು ಮಾತು ಹೇಳಿಯೇ ತಿನ್ನಲಿ.

ಇಷ್ಟು ಮಾಡಿದರೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಬೇರೆ ದಾರಿಗಳಿವೆ. ಬೆಂಗಳೂರಿನಲ್ಲಿ ಏರ್‌ಫೋರ್ಸ್‌ನದೇ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, 1957ರಿಂದ ಪೈಲಟ್‌ಗಳ ದೇಹದ್ದೇ ಅಧ್ಯಯನ ಅಲ್ಲಿ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ಇವತ್ತು ಸ್ವಲ್ಪ, ನಾಳೆ ಇನ್ನಷ್ಟು ತಿರುಗಿಸಿ, ತಲೆ ಅಲ್ಲಾಡಿಸಲು ಹೇಳಿ, ಜೊತೆಗೆ ಉಸಿರಾಟದ ಅಭ್ಯಾಸ ಕಲಿಸಿ ದೇಹವನ್ನು ಪಳಗಿಸುವ ಚಿಕಿತ್ಸೆ ಇದು. ಕೇಳಲು ಚಿತ್ರಹಿಂಸೆ, ಆದರೆ ಹಲವರಿಗೆ ಕೆಲಸ ಮಾಡುತ್ತದೆ. ಎಲ್ಲರಿಗೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಪಾಯ ಏನಪ್ಪಾ ಅಂದರೆ ದಿನಗಳು ಹೋಗುತ್ತವೆ. ಕೋರ್ಸ್ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಹದಿನೈದನೇ ಸಾರ್ಟಿಯಲ್ಲಿ ಹೇಳುವುದಕ್ಕಿಂತ ಈಗಲೇ ಹೇಳುವುದು ಲಾಭ.

ಒಂದು ಎಚ್ಚರಿಕೆ. ಹೀಗೆ ಪಳಗಿದ ದೇಹ ಕೆಲವು ವಾರ ಹಾರದಿದ್ದರೆ ಮರೆಯುತ್ತದೆ. ರಜೆಗೆ ಮನೆಗೆ ಬಂದು ವಾಪಸ್ ಹೋದಾಗ ಮೊದಲ ಒಂದೆರಡು ಸಾರ್ಟಿಯಲ್ಲಿ ಮತ್ತೆ ವಾಂತಿ ಆಗಬಹುದು. ‘ಮತ್ತೆ ಶುರುವಾಯ್ತು’ ಎಂದು ಅಳಬೇಡಿ, ಬೇಗ ಹೋಗುತ್ತದೆ. ರಜೆಯಲ್ಲಿ ಜೀಪನ್ನು ಅವನೇ ಓಡಿಸಲಿ, ಹಿಂದಿನ ಸೀಟಿಗೆ ಹಾಕಬೇಡಿ.

ಈಗ ಕಹಿ ಮಾತು. ತೆಗೆದುಹಾಕುತ್ತಾರಾ? ತೆಗೆದುಹಾಕುವುದುಂಟು. ನಮ್ಮ ಭಾಷೆಯಲ್ಲಿ ಸಸ್ಪೆನ್ಷನ್. ಹೆಚ್ಚಿನವರಿಗೆ ಅದು ಬರುವುದು ವಾಂತಿಯಿಂದಲ್ಲ, ಕಲಿಕೆ ಮುಂದಕ್ಕೆ ಹೋಗದಿರುವುದರಿಂದ. ಲ್ಯಾಂಡಿಂಗ್ ಹತ್ತು ಸಲ ಮಾಡಿಸಿದರೂ ಹನ್ನೊಂದನೆಯದು ಮೊದಲಿನಂತೆಯೇ ಇದ್ದರೆ, ಸುರಕ್ಷಿತ ಅಲ್ಲ ಅನ್ನಿಸಿದರೆ. ಆಗಲೂ ಒಂದೇ ಏಟಿಗೆ ಕಳಿಸುವುದಿಲ್ಲ. ಹೆಚ್ಚುವರಿ ಸಾರ್ಟಿ ಕೊಡುತ್ತಾರೆ, ಇನ್‌ಸ್ಟ್ರಕ್ಟರ್ ಬದಲಿಸಿ ನೋಡುತ್ತಾರೆ, ಹಿರಿಯರು ಒಬ್ಬರು ಜೊತೆಗೆ ಹಾರಿ ಪರೀಕ್ಷಿಸುತ್ತಾರೆ. ಜೊತೆಯವರಿಬ್ಬರು ಮೊದಲು ಸೋಲೋ ಹೋದರು ಅಂದಿರಲ್ಲ, ಅದಕ್ಕೆ ಬೆಲೆಯೇ ಇಲ್ಲ. ನನ್ನ ಬ್ಯಾಚಿನಲ್ಲಿ ಕಟ್ಟಕಡೆಗೆ ಸೋಲೋ ಹೋದವನು ಆಮೇಲೆ ನಮ್ಮೆಲ್ಲರಿಗಿಂತ ಚೆಂದ ಹಾರಿದ.

ವಾಂತಿಯೇ ನಿಲ್ಲದೆ ಹಾರಾಟ ಬಿಡಬೇಕಾದವರೂ ಇದ್ದಾರೆ. ಕಡಿಮೆ, ಆದರೆ ಇದ್ದಾರೆ. ನಾನು ಕಲಿಸಿದ ಒಬ್ಬ ಹುಡುಗ, ಕೈ ಬೆಣ್ಣೆಯಂತಿತ್ತು, ಹೊಟ್ಟೆ ಮಾತ್ರ ಕೊನೆಗೂ ಒಪ್ಪಲಿಲ್ಲ. ಕುರ್ಚಿ ಚಿಕಿತ್ಸೆಯೂ ಆಯಿತು. ಫೈಲಿಗೆ ಸಹಿ ಹಾಕಿದ ದಿನ ನನಗೆ ಊಟ ಸೇರಲಿಲ್ಲ. ‘ಫೈಟರ್ ಬೇಡ, ಟ್ರಾನ್ಸ್‌ಪೋರ್ಟೋ ಹೆಲಿಕಾಪ್ಟರೋ ಕೊಡಿ’ ಎಂದು ಮೊದಲೇ ಕೇಳಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಆ ಕವಲು ಬರುವುದು ಆಮೇಲೆ. ಮೊದಲ ಹಂತದ ಪಲ್ಟಿ, ಗಿರಗಿರ ಸುತ್ತುತ್ತಾ ಕೆಳಗಿಳಿಯುವ ಸ್ಪಿನ್ ಎಲ್ಲರಿಗೂ ಒಂದೇ.

ಹಾಗೆ ಹಾರಾಟ ಬಿಡಬೇಕಾಗಿ ಬಂದವರನ್ನು ಗ್ರೌಂಡ್ ಡ್ಯೂಟಿ ಶಾಖೆಗಳಿಗೆ ಪರಿಗಣಿಸುವುದುಂಟು. ಆದರೆ ಅದು ಖಾಲಿ ಜಾಗ, ಓದು, ಅರ್ಹತೆ ಮೇಲೆ ನಿಂತಿದೆ, ಹಕ್ಕು ಅಲ್ಲ. ನಿಮ್ಮ ಮಗ ಎಂಜಿನಿಯರ್ ಆಗಿರುವುದು ಅಲ್ಲಿ ಉಪಯೋಗಕ್ಕೆ ಬರಬಹುದು. ಇನ್ನೊಂದು ಕಟು ನಿಯಮ: ಹಾರಾಟಕ್ಕೆ ಅರ್ಹನಲ್ಲ ಎಂದು ತರಬೇತಿಯಿಂದ ತೆಗೆದವನು ಇನ್ನೊಂದು ಪರೀಕ್ಷೆ ಬರೆದು ಪೈಲಟ್ ಆಗಿ ಮತ್ತೆ ಬರುವಂತಿಲ್ಲ.

ಈಗ ಅಣ್ಣನವರ ಸಲಹೆ. ಕರೆಸಿಕೊಳ್ಳುವುದು. ಎಎಫ್‌ಕ್ಯಾಟ್ ಮೂಲಕ ಹೋದವರ ತರಬೇತಿ ಒಂದು ವರ್ಷಕ್ಕೂ ಮೇಲೆ. ಸೇರುವಾಗ ನೀವು ಸಹಿ ಹಾಕಿದ ಬಾಂಡ್ ಕಾಗದ ಹುಡುಕಿ ಓದಿ. ತಾನಾಗಿಯೇ, ವೈಯಕ್ತಿಕ ಕಾರಣಕ್ಕೆ ಬಿಟ್ಟು ಬಂದರೆ ತರಬೇತಿಯ ಖರ್ಚು ವಾಪಸ್ ಕಟ್ಟಬೇಕಾಗಬಹುದು. ಅವರೇ ಕಳಿಸುವುದಕ್ಕೂ ಇವನೇ ಎದ್ದು ಬರುವುದಕ್ಕೂ ವ್ಯತ್ಯಾಸ ಇದೆ. ಹಾಗಾಗಿ ವಾಂತಿಗೆ ಹೆದರಿ ಹನ್ನೊಂದನೇ ಸಾರ್ಟಿಗೆ ಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ದಾರಿ.

ಸಿವಿಲ್ ಪೈಲಟ್ ಒಳ್ಳೆಯ ಕೆಲಸವೇ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಆ ಖರ್ಚು ಪೂರ್ತಿ ಮನೆಯದು. ಲೈಸೆನ್ಸ್ ಸಿಕ್ಕಿದ ಮೇಲೂ ಒಂದು ಜಾತಿಯ ವಿಮಾನಕ್ಕೆ ಬೇರೆ ತರಬೇತಿ, ಮತ್ತೆ ಖರ್ಚು, ಆಮೇಲೆ ಕೆಲಸಕ್ಕೆ ಕಾಯುವುದು. ಅಲ್ಲೂ ಕಲಿಯುವುದು ಸಣ್ಣ ವಿಮಾನದಲ್ಲೇ, ಮಧ್ಯಾಹ್ನದ ಬಿಸಿಗಾಳಿಯಲ್ಲಿ ಅದು ಎಲೆಯಂತೆ ಅಲ್ಲಾಡುತ್ತದೆ. ಹೊಟ್ಟೆಯ ಸಮಸ್ಯೆಯಿಂದ ಓಡಿ ಅಲ್ಲಿಗೆ ಹೋದರೆ ಅದೇ ಸಮಸ್ಯೆ ದುಡ್ಡು ಕೊಟ್ಟು ಕೊಂಡ ಹಾಗೆ. ಕಾಫಿಗೆ ಬೆಲೆ ಬಂದಿರುವ ವರ್ಷ ನೋಡಿ ತೋಟ ಅಡವಿಟ್ಟು ಲೈಸೆನ್ಸ್ ಮಾಡಿಸಿ, ಬೆಲೆ ಇಳಿದ ವರ್ಷ ಕಂತು ಕಟ್ಟಲು ಒದ್ದಾಡಿದ ಮನೆಗಳನ್ನು ನಾನು ನೋಡಿದ್ದೇನೆ. ಇಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೊಟ್ಟು ಹಾರಿಸುತ್ತಿದ್ದಾರಲ್ಲ, ಕೊನೆಯವರೆಗೂ ಪ್ರಯತ್ನಿಸಲಿ. ಆಗದಿದ್ದರೆ ಆಗ ಲೆಕ್ಕ ಹಾಕೋಣ.

ಭಾನುವಾರದ ಫೋನು. ಅವನಿಗೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ‘ಈ ವಾರ ಎಷ್ಟು ವಾಂತಿ’, ‘ಸೋಲೋ ಆಯ್ತಾ’ ಎಂದು ಕೇಳಬೇಡಿ. ಅವನು ವಾರವಿಡೀ ಅದನ್ನೇ ಲೆಕ್ಕ ಹಾಕಿರುತ್ತಾನೆ. ತಿಂಡಿ ಏನು ತಿಂದೆ, ಎಷ್ಟು ಗಂಟೆಗೆ ಮಲಗಿದೆ, ಇಷ್ಟು ಕೇಳಿ. ಉಳಿದಂತೆ ಊರ ಸುದ್ದಿ ಹೇಳಿ. ಹುತ್ತರಿಗೆ ಯಾರು ಯಾರು ಬಂದಿದ್ದರು, ಕಾಫಿ ಕುಯ್ಲಿಗೆ ಆಳು ಸಿಕ್ಕರಾ, ನಾಯಿ ಮರಿ ಹಾಕಿತಾ. ಇನ್ನೊಂದು, ಈ ವಾಂತಿ ವಿಷಯ ಒಕ್ಕದವರಿಗೆಲ್ಲ, ಅಂದರೆ ಮನೆತನದವರಿಗೆಲ್ಲ, ಹೇಳಬೇಡಿ. ನಮ್ಮಲ್ಲಿ ಮನೆಗೊಬ್ಬ ಸೈನಿಕ, ಆದ್ದರಿಂದ ಮನೆಗೊಬ್ಬ ಸಲಹೆಗಾರ. ಅವನು ರಜೆಗೆ ಬಂದಾಗ ಹತ್ತು ಜನ ‘ಈಗ ಹೊಟ್ಟೆ ಹೇಗಿದೆ’ ಅಂದರೆ ಇದ್ದ ಧೈರ್ಯವೂ ಹೋಗುತ್ತದೆ. ಇನ್ನು ಮುಂದೆ ಅಣ್ಣನ ಹತ್ತಿರವೂ ಈ ಮಾತು ಬೆಳೆಸಬೇಡಿ.

ಮಗಳ ವಿಷಯ. ದಾರಿ ಈಗ ಮೊದಲಿಗಿಂತ ಅಗಲವಾಗಿದೆ. 2016ರಲ್ಲಿ ಮೊದಲ ಮೂವರು ಹೆಣ್ಣುಮಕ್ಕಳು ಫೈಟರ್ ಶಾಖೆಗೆ ಬಂದರು, 2022ರಿಂದ ಪಿಯುಸಿ ಮುಗಿಸಿ ಸೇರುವ ಸೇನಾ ಅಕಾಡೆಮಿ ಎನ್‌ಡಿಎಯಲ್ಲೂ ಹುಡುಗಿಯರಿದ್ದಾರೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬಿಡದಿರಲಿ. ಈಗಲೇ ಒಳ್ಳೆಯ ಕಣ್ಣಿನ ಡಾಕ್ಟರ್ ಹತ್ತಿರ ಬಣ್ಣದ ದೃಷ್ಟಿಯನ್ನೂ ಸೇರಿಸಿ ಪರೀಕ್ಷೆ ಮಾಡಿಸಿ. ಎಷ್ಟೋ ಮಕ್ಕಳಿಗೆ ಬಣ್ಣದ ದೋಷ ಇರುವುದು ಗೊತ್ತಾಗುವುದೇ ಕೊನೆಯ ಮೆಡಿಕಲ್‌ನಲ್ಲಿ, ವರ್ಷಗಟ್ಟಲೆ ಓದಿದ ಮೇಲೆ. ಇನ್ನು ಸಿಪಿಎಸ್ಎಸ್ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಫೇಲಾದರೆ ಏರ್‌ಫೋರ್ಸ್‌ನಲ್ಲಿ ಪೈಲಟ್ ಬಾಗಿಲು ಮುಚ್ಚಿತು. ಆದ್ದರಿಂದ ಅವಳ ಸರದಿ ಬಂದಾಗ ಬೆಳಗಿನ ಜಾವದ ಬಸ್ಸು ಹತ್ತಿಸಿ ನಿದ್ದೆಗೆಡಿಸಿ ಕಳಿಸಬೇಡಿ. ಹಿಂದಿನ ದಿನವೇ ಊರು ತಲುಪಲಿ. ಬಸ್ಸಿನಲ್ಲಿ ಮುಂದಿನ ಸೀಟು, ರಸ್ತೆ ಕಾಣುವ ಹಾಗೆ.